ತೂತಿನ ಅಣಬೆ

ಶಿರವಾಳದ ಕುರಿಗಾರ ಮಾನಪ್ಪ ಒಂದೆಡೆ ಕೂರುವ ಜೀವವಲ್ಲ. ಮಳೆ ಹಿಡಿಯಿತೆಂದರೆ ಸಾಕು, ಕುರಿಗಳನ್ನು ಹೆಂಡತಿ ಭೀಮವ್ವನ ತಲೆಗೆ ಕಟ್ಟಿ ಗುಡ್ಡದ ಅಡವಿಗೆ ಅಣಬೆ ಹುಡುಕಲು ಓಡುತ್ತಿದ್ದ. ಜೊತೆಗೆ ಹತ್ತಿ ಹಿಂಜುವ ಮುದುಕ ಸುಲ್ತಾನಸಾಬ. ಹುತ್ತದ ಅಣಬೆಯನ್ನು ಮಾನಪ್ಪ ಕಣ್ಣು ಮುಚ್ಚಿಕೊಂಡು ಗುರುತಿಸಬಲ್ಲ. ಮರದ ಬುಡದಲ್ಲಿ ಏಳುವ ದಪ್ಪ ದಂಟಿನ ಅಣಬೆಯ ಮುಂದೆ ಮಾತ್ರ ಅವನ ಆಟ ನಡೆಯುತ್ತಿರಲಿಲ್ಲ. ಅದರ ಕೊಡೆಯ ಕೆಳಗೆ ಪದರಗಳಿರುವುದಿಲ್ಲ, ಸೂಜಿ ಚುಚ್ಚಿದಂಥ ತೂತುಗಳಿರುತ್ತವೆ. ಅದರಲ್ಲಿ ತಿನ್ನುವುದು ಯಾವುದು, ಎಸೆಯುವುದು ಯಾವುದು ಎಂದು ಬಲ್ಲವನು ಸುಲ್ತಾನಸಾಬ ಒಬ್ಬನೇ.

ನಿಜಾಮನ ಆಳ್ವಿಕೆ ಮುಗಿದ ವರ್ಷವದು. ರಜಾಕಾರರ ಕಾಟವೇನೋ ತಪ್ಪಿತ್ತು, ಆದರೆ ಜನರ ಸಿಟ್ಟು ಈಗ ಸಿಕ್ಕ ಸಿಕ್ಕ ಮುಸಲ್ಮಾನರ ಮೇಲೆ ತಿರುಗಿತ್ತು. ಇರುವೆಗೂ ಕೆಡುಕು ಬಯಸದ ಸುಲ್ತಾನಸಾಬ ಹತ್ತು ದಿನದಿಂದ ಬಾಗಿಲು ಹಾಕಿಕೊಂಡು ಒಳಗಿದ್ದ.

ಮಾನಪ್ಪ ಒಬ್ಬನೇ ಗುಡ್ಡಕ್ಕೆ ಹೋದ. ಮಡಿಲು ತುಂಬ ತೂತಿನ ಅಣಬೆ ಸಿಕ್ಕವು. ನೇರವಾಗಿ ಆ ಮುಚ್ಚಿದ ಬಾಗಿಲಿಗೆ ಬಂದು ಬಡಿದ.

"ಕಾಕಾ, ನಾ ಮಾನಪ್ಪ."

ಬಾಗಿಲು ಗೇಣಷ್ಟು ತೆರೆಯಿತು. ಮುದುಕ ಒಂದೊಂದನ್ನೇ ತಿರುವಿ ನೋಡಿದ, ದಂಟು ಕೊಯ್ದು ಕಾದ. ಕೊಯ್ದಲ್ಲಿ ನೀಲಿಗೆ ತಿರುಗಿದ್ದನ್ನೂ ತೂತು ಕೆಂಪಗಿದ್ದದ್ದನ್ನೂ ಎಸೆದ.

"ಉಳದವು ಉಣ್ಣಾಕ ಬರ್ತಾವ. ಚಂದಂಗ ಬೇಯಿಸ್ರಿ," ಎಂದು ಬಾಗಿಲು ಮುಚ್ಚಿಕೊಂಡ.

ಭೀಮವ್ವ ಬೇಯಿಸಿದಳು. ಬಡಿಸುವ ಹೊತ್ತಿಗೆ ಮಾತ್ರ ಅವಳ ಕೈ ನಿಂತಿತು.

"ಇಂಥಾ ದಿನದಾಗ ಅವರ ಮಾತು ನಂಬಿ ಮಕ್ಕಳಿಗೆ ಹೆಂಗ ಉಣ್ಣಸ್ಲಿ?"

"ತಲಿ ಕೆಟ್ಟದೇನ ನಿನಗ? ಇಪ್ಪತ್ತ ವರ್ಷ ಅವ ಹೇಳಿದ್ದೇ ಉಂಡೀವಿ."

"ಆವಾಗಿಂದು ಬ್ಯಾರಿ. ಮೊದಲ ಅವ್ರು ಉಣ್ಲಿ."

ಮಾನಪ್ಪ ಬೈದ. ಹೊರಗೆ ಹೋದ, ಒಳಗೆ ಬಂದ, ಮತ್ತೆ ಹೋದ. ನಿಜ ಹೇಳಬೇಕೆಂದರೆ ಅದೇ ಅನುಮಾನ ಅವನ ಮನಸ್ಸನ್ನೂ ಹೊಕ್ಕಿತ್ತು. ಹೆಂಡತಿಗೆ ಬೈದದ್ದೆಲ್ಲ ತನಗೇ ಬೈದುಕೊಂಡದ್ದು. ಕೊನೆಗೆ ಒಂದು ಬಟ್ಟಲು ಪಲ್ಯ ಹಾಕಿಸಿಕೊಂಡು ಹೊರಟ. ದಾರಿಯುದ್ದಕ್ಕೂ ಅವನಿಗೆ ಒಂದೇ ಚಿಂತೆ: ಕಾಕಾನಿಗೆ ತಿಳಿದುಬಿಟ್ಟರೆ ಇನ್ನು ಮುಖ ತೋರಿಸುವುದು ಹೇಗೆ?

"ಕಾಕಾ, ನಿನ್ನ ಪಾಲು ತಂದೀನಿ."

ಸುಲ್ತಾನಸಾಬ ಬಟ್ಟಲಿನ ಮೇಲಿನ ಬಟ್ಟೆ ಸರಿಸಿದ.

"ಇಷ್ಟ ವರ್ಷ ನನ್ನ ಪಾಲು ಹಸೀದ ಕೊಡ್ತಿದ್ದಿ, ಮಾನಪ್ಪ. ಈ ವರ್ಷ ಬೇಯಿಸಿ ತಂದಿ."

ಮುದುಕ ಹತ್ತು ದಿನದಲ್ಲಿ ಮೊದಲ ಸಲ ಬಾಗಿಲು ಪೂರ್ತಿ ತೆರೆದ. ಓಣಿಗೆಲ್ಲ ಕಾಣುವಂತೆ ಹೊಸ್ತಿಲ ಮೇಲೆ ಕುಳಿತು ಉಣ್ಣತೊಡಗಿದ. ನೋಡಲಾಗದೆ ಮಾನಪ್ಪ ತಾನೂ ಬಟ್ಟಲಿಗೆ ಕೈ ಹಾಕಿದ. ಸುಲ್ತಾನಸಾಬ ಅವನ ಮಣಿಕಟ್ಟು ಹಿಡಿದ.

"ಬ್ಯಾಡ. ಮಕ್ಕಳಿರೋ ಮನಿ ನಿಂದು. ಮುಂಜಾನಿ ಬಾ. ನಾ ಎದ್ದಿದ್ದು ನೋಡಿ, ಆಮ್ಯಾಲ ಉಣ್ರಿ."

ಮರುದಿನ ಕಾಕಾ ಎದ್ದಿದ್ದನ್ನು ಮಾನಪ್ಪ ನೋಡಿ ಬಂದ ಮೇಲೆ ಭೀಮವ್ವ ಉಳಿದ ಪಲ್ಯ ಬಿಸಿ ಮಾಡಿದಳು. ಮಕ್ಕಳು ಬಟ್ಟಲು ನೆಕ್ಕಿ ಉಂಡರು. ಮಾನಪ್ಪನಿಗೆ ಒಂದು ತುತ್ತೂ ಇಳಿಯಲಿಲ್ಲ.