ಇನ್ನೊಮ್ಮೆ ಎನ್ನದ ಮೇಡಂ

ಮೇಡಂ ಅವರ ಎಡ ಹುಬ್ಬು ನಡುವೆ ಕಡಿದಿತ್ತು. ಒಂದು ಜೋಳದ ಕಾಳು ಇಡುವಷ್ಟು ಜಾಗದಲ್ಲಿ ಕೂದಲು ಬೆಳೆದಿರಲಿಲ್ಲ. ಅಲ್ಲಿನ ಚರ್ಮ ಬೆಳ್ಳಗೆ, ನುಣುಪಾಗಿ ಹೊಳೆಯುತ್ತಿತ್ತು. ಮೇಕಪ್ ಕಲಿಯುವ ದಿನ ಹುಡುಗಿಯರು ಪೆನ್ಸಿಲ್ ಹಿಡಿದು ಬಂದು, ತುಂಬಿಸಲಾ ಎಂದು ಕೇಳಿದರೆ, "ಇರ್ಲಿ ಬಿಡ್ರಿ, ನನಗ ಆರಾಮ ಅದ ಇದು" ಎನ್ನುತ್ತಿದ್ದರು.

ಗಡಿಯಾಚೆ, ಮಹಾರಾಷ್ಟ್ರದ ಉದಗೀರದ ಕಾಲೇಜೊಂದರಲ್ಲಿ ಆಗಷ್ಟೇ ಒಂದು ಹೊಸ ಪದವಿ ಶುರುವಾಗಿತ್ತು. ಬಿ.ಎ., ಮುಖ್ಯ ವಿಷಯ ತೆರೆಯ ಅಭಿನಯ. ರಂಗದ ಮೇಲೆ ಮಾಡುವುದಲ್ಲ, ಕ್ಯಾಮೆರಾದ ಮುಂದೆ ಮಾಡುವುದು. ನಾನು ಗುಂಜೋಟಿಯಿಂದ ಹೋಗಿ ಸೇರಿದೆ. ಊರಿನಲ್ಲಿ ನನ್ನ ಕಾಕಾ ಹೇಳಿದ್ದು ಇಷ್ಟು: "ಮೂರು ವರ್ಷ ಅಳೋದು ಕಲೀಲಿಕ್ಕ ಹೊಂಟೀ ಏನು? ಮನ್ಯಾಗೇ ಇರು, ನಾ ಎರಡು ದಿನದಾಗ ಕಲಸ್ತೀನಿ."

ನಮ್ಮ ವಿಭಾಗ ಎಂದರೆ ರಸಾಯನಶಾಸ್ತ್ರದವರು ಬಿಟ್ಟುಕೊಟ್ಟ ಒಂದು ಕೋಣೆ. ಕಿಟಕಿಗಳಿಗೆ ಕಪ್ಪು ಕಾಗದ ಅಂಟಿಸಿದ್ದರು. ಒಂದು ಕ್ಯಾಮೆರಾ, ಅದರ ಸ್ಟ್ಯಾಂಡಿನ ಒಂದು ಕಾಲಿಗೆ ಸುತ್ತಿದ ಸುತಳಿ. ಮಳೆಗಾಲದಲ್ಲಿ ಗೋಡೆಯಿಂದ ಇನ್ನೂ ಆ್ಯಸಿಡ್ಡಿನ ವಾಸನೆ ಬರುತ್ತಿತ್ತು. ಅಭಿನಯದ ಪಾಠಕ್ಕೆ ಇದ್ದವರು ಮೇಡಂ ಒಬ್ಬರೇ, ಅದೂ ತಾಸಿಕೆಯ ಮೇಲೆ. ತಾಸಿಕೆ ಎಂದರೆ ತಾಸಿನ ಲೆಕ್ಕದ ನೌಕರಿ. ಪ್ರತಿ ವರ್ಷ ಕಾಲೇಜು ಮತ್ತೆ ಕರೆಯಬೇಕು. ಕರೆಯದಿದ್ದರೆ ಅಲ್ಲಿಗೆ ಮುಗಿಯಿತು.

ಅವರು ಸಾಸ್ತೂರದವರು. ಹೊಲ ಇದ್ದ ಮನೆತನ, ಮನೆಮಾತು ಕನ್ನಡ. ಪುಣೆಯಲ್ಲಿ ಓದಿ ಬಂದಿದ್ದರೂ ಹಣೆಗೆ ವಿಭೂತಿಯ ಒಂದು ಗೆರೆ ಇಲ್ಲದೆ ತರಗತಿಗೆ ಬಂದವರಲ್ಲ. ಪಾಠ ಮರಾಠಿಯಲ್ಲಿ, ಬೈಗುಳ ಕನ್ನಡದಲ್ಲಿ. ಹಾಗಾಗಿ ಬೈಸಿಕೊಳ್ಳುವ ಅದೃಷ್ಟ ಕನ್ನಡದವರಿಗೆ ಮಾತ್ರ, ಅಂದರೆ ನನಗೆ ಮತ್ತು ನಿಲಂಗಾದ ಒಬ್ಬ ಹುಡುಗಿಗೆ. ಊರ ನಾಟಕದಲ್ಲಿ ಪಾತ್ರ ಮಾಡಿದ್ದ ಹೆಮ್ಮೆಯಲ್ಲಿ ನಾನು ಮೊದಲ ದಿನವೇ ದನಿ ಏರಿಸಿ ಸಂಭಾಷಣೆ ಒಪ್ಪಿಸಿದೆ. ಮೇಡಂ ಪೂರ್ತಿ ಕೇಳಿ, "ಗುಂಜೋಟಿ ತನಕ ಕೇಳಸೋದು ಬ್ಯಾಡಪಾ. ಕ್ಯಾಮೆರಾ ಇಲ್ಲೇ ನಿಂತದ" ಎಂದರು. ಮುಂದಿನ ಹದಿನೈದು ದಿನ ನನಗೆ ಕೊಟ್ಟ ಕೆಲಸ, ಕ್ಯಾಮೆರಾದ ಎದುರು ಕುಳಿತು ಒಂದು ಲೋಟ ನೀರು ಕುಡಿಯುವುದು. "ಬಾಯಾರಿದವರ ಗತೆ ಕುಡೀಬ್ಯಾಡ. ಬರೇ ನೀರ ಕುಡಿ."

ಒಂದು ಪದವನ್ನು ಮಾತ್ರ ಅವರು ಬಳಸುತ್ತಿರಲಿಲ್ಲ. ಕ್ಯಾಮೆರಾದ ಕೆಲಸದಲ್ಲಿ ಉಸಿರಿನಷ್ಟು ಸಲ ಬರುವ ಪದ ಅದು: ಇನ್ನೊಮ್ಮೆ. ಮರಾಠಿಯಲ್ಲಿ 'ಪುನ್ಹಾ'. ದೃಶ್ಯ ಸರಿ ಬರದಿದ್ದರೆ ಅವರು ನಟನನ್ನು ಎಬ್ಬಿಸಿ ಹೊರಗೆ ಕಳಿಸುತ್ತಿದ್ದರು. ಅವನು ವರಾಂಡದಲ್ಲಿ ಒಂದು ಸುತ್ತು ಹಾಕಿ ಬಂದ ಮೇಲೆ, "ಈಗ ಮಾಡು" ಎನ್ನುತ್ತಿದ್ದರು, ಮೊದಲು ಏನೂ ನಡೆದೇ ಇಲ್ಲ ಎಂಬಂತೆ. ನಾವು ಇದನ್ನು ಅವರ ಒಂದು ಖಯಾಲಿ ಎಂದುಕೊಂಡಿದ್ದೆವು. ಹಾಸ್ಟೆಲ್ಲಿನಲ್ಲಿ ಯಾರಾದರೂ ಎರಡನೇ ಸಲ ಅನ್ನ ಕೇಳಿದರೆ, "ವರಾಂಡಾ ಸುತ್ತಿ ಬಾ" ಎಂದು ನಗುತ್ತಿದ್ದೆವು.

ನಿಲಂಗಾದ ಹುಡುಗಿ ನಮ್ಮೆಲ್ಲರಿಗಿಂತ ಚೆನ್ನಾಗಿ ಮಾಡುತ್ತಿದ್ದಳು. ಅವಳ ಅಪ್ಪ ನಿಲಂಗಾ ಕೋರ್ಟಿನ ಎದುರು ಕುಳಿತು ಅರ್ಜಿ ಟೈಪು ಮಾಡುತ್ತಿದ್ದವರು. ಶನಿವಾರ ಮೇಡಂ ಊರಿಗೆ ಹೋಗುವ ಕೆಂಪು ಬಸ್ಸಿನಲ್ಲೇ ಅವಳೂ ಹೋಗುತ್ತಿದ್ದಳು. ಅಪ್ಪ ಬಸ್‌ಸ್ಟ್ಯಾಂಡಿಗೆ ಬಂದು ನಿಂತಿರುತ್ತಿದ್ದರು. ಮೇಡಂಗೆ ಕೈ ಮುಗಿದು, "ಹಿರೋಯಿನ್ ಆಗ್ತಾಳೇನ್ರೀ ನಮ್ಮಾಕಿ?" ಎಂದು ಪ್ರತಿ ವಾರ ಕೇಳುತ್ತಿದ್ದರಂತೆ. "ಆಕಿ ಭಾಳ ಛಲೋ ನೀರ ಕುಡೀತಾಳ್ರೀ" ಎಂಬುದು ಮೇಡಂ ಉತ್ತರ. ಮುಂಬಯಿಯಲ್ಲಿ ಮುಂದಿನ ಓದಿಗೆ ಸೀಟು ಸಿಗಬೇಕಾದರೆ ಕೊನೆಯ ಪರೀಕ್ಷೆಯಲ್ಲಿ ಮೊದಲ ದರ್ಜೆ ಬೇಕಿತ್ತು. ಸಿಕ್ಕರೆ ಕಳಿಸುತ್ತೇನೆ ಎಂದು ಅಪ್ಪ ಮಾತು ಕೊಟ್ಟಿದ್ದರು. ಕೊನೆಯ ವರ್ಷದ ಚಳಿಗಾಲದಲ್ಲಿ, ಟೈಪು ಮಾಡುತ್ತ ಕುಳಿತಲ್ಲೇ ಅವರು ತೀರಿಕೊಂಡರು. ಹದಿನೈದು ದಿನದ ಮೇಲೆ ಹುಡುಗಿ ತರಗತಿಗೆ ಮರಳಿದಳು. ಅಮ್ಮ ಒಪ್ಪಿದ್ದರು. ಅಪ್ಪನ ಮಾತು ಅಪ್ಪನ ಮಾತೇ.

ಪರೀಕ್ಷೆಗೆ ಹೊರಗಿನಿಂದ ಬಂದವರು ಹಿರಿಯ ನಟರು, ಮೃದು ಮಾತಿನವರು. ಅವರು ಯಾರಿಗೂ ಕೆಟ್ಟದ್ದು ಬಯಸಿ ಬಂದವರಲ್ಲ ಎಂಬುದನ್ನು ಇಲ್ಲಿ ದಾಖಲಿಸಬೇಕು. ಎಲ್ಲರಿಗೂ ಒಂದೇ ದೃಶ್ಯ: ಫೋನು ಬರುತ್ತದೆ, ಮನೆಯವರ ಸಾವಿನ ಸುದ್ದಿ, ಕ್ಯಾಮೆರಾ ಮುಖದ ಹತ್ತಿರ. ಹುಡುಗಿಯ ಸರದಿ ಬಂತು. ಅವಳು ಫೋನೆತ್ತಿ ಕೇಳಿದಳು. "ಹಾಂ" ಎಂದಳು. ಫೋನನ್ನು ಕೆಳಗಿಟ್ಟು, ಅದರ ಗಾಜಿನ ಮೇಲಿನ ಧೂಳನ್ನು ಹೆಬ್ಬೆರಳಿನಿಂದ ನಿಧಾನವಾಗಿ ಒರೆಸಿದಳು. ಅಷ್ಟೇ.

ಪರೀಕ್ಷಕರಿಗೆ ಅದು ಸಾಲಲಿಲ್ಲ. ಅವಳ ಮನೆಯ ಸಂಗತಿ ಯಾರೋ ಅವರ ಕಿವಿಗೆ ಹಾಕಿದ್ದರು. ಕುರ್ಚಿಯಿಂದ ಮುಂದೆ ಬಾಗಿ, ಮರಾಠಿಯಲ್ಲಿ ಪ್ರೀತಿಯಿಂದಲೇ ಹೇಳಿದರು: "ನಿನ್ನ ಅಪ್ಪ ಹೋದ ದಿನವನ್ನೇ ನೆನಪಿಸಿಕೋ. ಕಣ್ಣೀರು ತಾನಾಗಿ ಬರುತ್ತದೆ. ಬಾಳ, ಪುನ್ಹಾ."

ಬಾಳ ಎಂದರೆ ಮರಾಠಿಯಲ್ಲಿ ಮಗು, ಕೂಸು. ದೊಡ್ಡವರು ಚಿಕ್ಕವರನ್ನು ಅಕ್ಕರೆಯಿಂದ ಕರೆಯುವ ಮಾತು.

ಮೇಡಂ ಎದ್ದು ಹೋಗಿ ಹುಡುಗಿಗೂ ಕ್ಯಾಮೆರಾಕ್ಕೂ ನಡುವೆ ನಿಂತರು. ದನಿ ಏರಿಸಲಿಲ್ಲ. "ಸರ್, ಇವಳ ಪರೀಕ್ಷೆ ಮುಗಿಯಿತು" ಎಂದರು.

"ನಾನು ಅಂಕ ಯಾವುದಕ್ಕೆ ಕೊಡಲಿ?"

"ನೋಡಿದಷ್ಟಕ್ಕೆ ಕೊಡಿ."

ಪರೀಕ್ಷಕರು ವಿಭಾಗದ ಮುಖ್ಯಸ್ಥರ ಕಡೆ ನೋಡಿದರು. ಮುಖ್ಯಸ್ಥರು ಮೇಡಂಗೆ ಕೂಡಲು ಹೇಳಿದರು. ಮೇಡಂ ಕೂಡಲಿಲ್ಲ. ಕೊನೆಗೆ ಮುಖ್ಯಸ್ಥರೇ ಮುಂದಿನ ಹೆಸರು ಕೂಗಿದರು.

ಹೊರಗೆ ವರಾಂಡದಲ್ಲಿ ಹುಡುಗಿ ಮೇಡಂ ಮೇಲೆ ಹರಿಹಾಯ್ದಳು. ನಾನು ಅಲ್ಲೇ ಇದ್ದೆ.

"ನನಗ ಬರ್ತಿತ್ರೀ ಮೇಡಂ. ನಾ ಅಳ್ತಿದ್ದೆ. ನನ್ನ ನಂಬರ್ ನೀವ್ ಯಾಕ ಕಳದ್ರಿ? ಅಪ್ಪನ ಆಸೆ ಅದು, ನಿಮದಲ್ಲ."

"ಬರ್ತಿತ್ತು ಅಂತ ನನಗ ಗೊತ್ತದ. ಅದಕ್ಕೇ ತಡದೆ."

ಆಮೇಲೆ ಅವರು ಕಟ್ಟೆಯ ಮೇಲೆ ಕುಳಿತು ಹೇಳಿದ್ದನ್ನು ನನಗೆ ನೆನಪಿದ್ದಷ್ಟು ಅವರ ಮಾತಿನಲ್ಲೇ ಬರೆಯುತ್ತೇನೆ.

"ನಮ್ಮೂರಾಗ ಭೂಕಂಪ ಆದಾಗ ನಾ ಸಣ್ಣಾಕಿ. ನನ್ನ ತಮ್ಮನ್ನ ಕಲ್ಲಾಗಿಂದ ತಗದ್ರು. ನಾ ಅಂವನ ಬಾಜೂ ಕೂತು ಅಳ್ಲತ್ತಿದ್ದೆ. ಒಬ್ಬ ಕ್ಯಾಮೆರಾದವ ಬಂದ. ಅಂವಾ ಬರೋದ್ರಾಗ ನನ್ನ ಅಳು ನಿಂತಿತ್ತು. ಅಂವಾ ಕುಕ್ಕರಗಾಲಿಲೆ ಕೂತು ಅಂದ: ಬಾಳ, ಪುನ್ಹಾ ರಡ್. ರಡ್ ಅಂದ್ರ ಅಳು ಅಂತ ಓಣಿ ಹುಡುಗ್ರಿಂದ ಗೊತ್ತಿತ್ತು. ಬಾಳ ಅನ್ನೋದು ಗೊತ್ತಿದ್ದಿಲ್ಲ. ನಾವ್ ಕನ್ನಡದವ್ರು, ನನಗ ಅದು ಭಾಳ ಅಂತ ಕೇಳಸ್ತು. ಭಾಳ ಅಳು ಅಂತಾನ ಅಂತ ತಿಳಕೊಂಡೆ. ಭಾಳ ಅತ್ತೆ. ಎದಿ ಬಡಕೊಂಡು ಅತ್ತೆ. ಅಂವಾ ಮಗಾ ಅಂತ ಕರದಿದ್ದ, ಅಷ್ಟೇ. ಛಲೋ ಬಂತು ಅಂತ ತಲಿ ಮ್ಯಾಲ ಕೈ ಇಟ್ಟ ಹೋದ."

ಹುಡುಗಿ ಕಟ್ಟೆಯ ಇನ್ನೊಂದು ತುದಿಯಲ್ಲಿ ಕುಳಿತಳು.

"ಮೊದಲಿಂದು ನನ್ನ ಅಳು. ಎರಡನೇದು ಅಂವಂದು. ಅದರ ಮ್ಯಾಲ ತಮ್ಮನ ಸಲುವಾಗಿ ನನಗ ಅಳು ಬಂದೇ ಇಲ್ಲ. ಅಂವನ್ನ ನೆನಸಿದ್ರ ಆ ಕ್ಯಾಮೆರಾನೇ ಕಾಣಸ್ತದ. ನೀ ಇವತ್ತ ಅಪ್ಪನ್ನ ಒಳಗ ತಂದಿದ್ರ ನಂಬರ್ ಬರ್ತಿತ್ತು. ಅಪ್ಪ ಆ ಕ್ಯಾಮೆರಾದಾಗೇ ಉಳೀತಿದ್ದ."

"ನಿಮಗ ಆಗಿದ್ದು ನನಗೂ ಆಗ್ತದ ಅಂತ ಯಾರ್ ಹೇಳಿದ್ರು?" ಎಂದು ಹುಡುಗಿ ಕೇಳಿದಳು.

ಮೇಡಂ, "ಯಾರೂ ಹೇಳಿಲ್ಲ" ಎಂದರು.

ಹುಡುಗಿಗೆ ಪಾಸಾಗುವಷ್ಟು ಅಂಕ ಬಂತು, ಮೊದಲ ದರ್ಜೆ ಬರಲಿಲ್ಲ. ಮುಂಬಯಿ ಅಲ್ಲಿಗೆ ಮುಗಿಯಿತು. ಅವಳು ಬಹಳ ಕಾಲ ಮೇಡಂ ಜೊತೆ ಮಾತು ಬಿಟ್ಟಿದ್ದಳು. ಮುಂದಿನ ವರ್ಷ ಕಾಲೇಜು ಮೇಡಂ ಅವರನ್ನು ಕರೆಯಲಿಲ್ಲ. ಕಾರಣ ಯಾರೂ ಹೇಳಲಿಲ್ಲ. ತಾಸಿಕೆಯವರಿಗೆ ಕಾರಣ ಹೇಳುವ ರೂಢಿ ಇಲ್ಲ. ಸ್ವಲ್ಪ ಕಾಲದ ನಂತರ ಸೇರುವವರಿಲ್ಲದೆ ಆ ಪದವಿಯೂ ನಿಂತಿತು. ಕೋಣೆ ಈಗ ಯಾರ ವಶದಲ್ಲಿದೆಯೋ ನನಗೆ ಗೊತ್ತಿಲ್ಲ. ಮೇಡಂ ಉಮರ್ಗಾದ ಒಂದು ಖಾಸಗಿ ಶಾಲೆಯಲ್ಲಿ ಮರಾಠಿ ಕಲಿಸಲು ಸೇರಿದರು. ಕನ್ನಡ ಮನೆಯ ಮಕ್ಕಳು ಮರಾಠಿಯಲ್ಲಿ ಎಡವುವ ಜಾಗಗಳು ಅವರಿಗೆ ಗೊತ್ತಿದ್ದವು. ಯಾರೂ ಅವರ ತರಗತಿಯಲ್ಲಿ ನಗೆಪಾಟಲಾಗಲಿಲ್ಲ ಎಂದು ಅಲ್ಲಿ ಓದಿದ ನಮ್ಮೂರ ಹುಡುಗಿಯೊಬ್ಬಳು ಹೇಳಿದ್ದಳು.

ನಾನು ನಟನಾಗಲಿಲ್ಲ. ಗಡಿಯ ಈಚೆ ಬಂದು ಪತ್ರಿಕೆ ಸೇರಿದೆ. ಅಪಘಾತ ನಡೆದ ಜಾಗದಲ್ಲಿ, ಶವಾಗಾರದ ಹೊರಗೆ, ಮೈಕು ಹಿಡಿದವರು ತಾಯಂದಿರಿಗೆ ಹೇಳುವುದನ್ನು ಕೇಳುತ್ತೇನೆ: "ಅಮ್ಮಾ, ಅದನ್ನೇ ಇನ್ನೊಂದ್ಸಲ ಹೇಳ್ರಿ, ಸೌಂಡ್ ಬಂದಿಲ್ಲ." ಒಬ್ಬರು ಒಮ್ಮೆ ಹೇಳಿದ್ದನ್ನು ನಾನು ಬರೆದುಕೊಳ್ಳುತ್ತೇನೆ, ಕೇಳಿಸದೆ ಹೋದದ್ದನ್ನು ಬಿಡುತ್ತೇನೆ. ನನ್ನ ವರದಿಗಳು ಸಪ್ಪೆ ಎಂದು ಮುಖ್ಯ ಉಪಸಂಪಾದಕರು ಹೇಳುವುದುಂಟು. ಅವರು ಹೇಳುವುದು ಸರಿ ಇರಬಹುದು. ನಾನು ಬದಲಿಸಿಲ್ಲ.

ನಿಲಂಗಾದ ಹುಡುಗಿ ಈಗ ಲಾತೂರಿನಲ್ಲಿ ಮದುವೆಯಾಗಿ ಇದ್ದಾಳೆ, ರೇಡಿಯೋ ಜಾಹೀರಾತುಗಳಿಗೆ ದನಿ ಕೊಡುತ್ತಾಳೆ. ಅಪ್ಪನನ್ನು ನೆನೆದು ಅಡುಗೆಮನೆಯಲ್ಲಿ ಅಳು ಬಂದ ದಿನ ಅವಳು ತಾನಾಗಿ ಮೇಡಂಗೆ ಫೋನು ಮಾಡಿದ್ದಳು. "ಏನಂದ್ರು?" ಎಂದು ನಾನು ಕೇಳಿದೆ. "ಏನೂ ಅನ್ಲಿಲ್ಲ. ನನ್ನ ಅಳು ಮುಗಿಯೋ ತನಕ ಫೋನ್ ಇಡಲಿಲ್ಲ." ಮೇಡಂ ಮಾಡಿದ್ದು ಸರಿಯೆಂದು ಅವಳು ಈಗಲೂ ಪೂರ್ತಿ ಒಪ್ಪುವುದಿಲ್ಲ. "ಮುಂಬಯಿ ನೋಡ್ತಿದ್ದೆ ನಾ" ಎನ್ನುತ್ತಾಳೆ.

ಮೇಡಂಗೆ ಪಿತ್ತಕೋಶದ ಕ್ಯಾನ್ಸರ್ ಎಂದು ತಿಳಿಯುವಾಗ ತಡವಾಗಿತ್ತು. ಸೊಲ್ಲಾಪುರದ ಆಸ್ಪತ್ರೆಯಲ್ಲಿ ಕೆಲವು ವಾರ ಇದ್ದು ತೀರಿಕೊಂಡರು. ಸಾಸ್ತೂರದ ಅವರ ಹೊಲದಲ್ಲಿ ಮಣ್ಣು ಮಾಡಿದರು. ನಾನೂ ನಿಲಂಗಾದ ಹುಡುಗಿಯೂ ಹೋಗಿದ್ದೆವು.

ಮಣ್ಣು ಮುಗಿದ ಮೇಲೆ ನಾನು ಅವರ ತಾಯಿಯ ಹತ್ತಿರ ಹೋಗಿ ಕುಳಿತೆ. ಭೂಕಂಪದ ನಂತರ ಕಟ್ಟಿಕೊಟ್ಟ ಮನೆ, ಬಾಗಿಲ ಮುಂದೆ ಚಾಪೆ. ನಾನು ಯಾರೆಂದು ಹೇಳಿದೆ. ಅವರು ತಾವಾಗಿ ಮಾತು ತೆಗೆದರು.

"ಭೂಕಂಪ ಆದ ಮ್ಯಾಲ ನನ್ನ ಮಗಳು ಅಳೋದು ನಾ ನೋಡಿದ್ದಿಲ್ಲಪಾ. ಅವರಪ್ಪ ಹೋದಾಗೂ ಕಣ್ಣಾಗ ನೀರಿಲ್ಲ. ಕಲ್ಲು ಅಂತಿದ್ರು ಮಂದಿ. ಸೊಲ್ಲಾಪುರದಾಗ ಬಾಜೂ ಕಾಟಿನ ಮ್ಯಾಲ ಒಂದು ಸಣ್ಣ ಹುಡುಗ ಇದ್ದ. ಮಧ್ಯಾಹ್ನ ಅಂವಾ ಮಸರಿನ ಬಟ್ಲಾ ಹಿಂದಕ ಸರಸಿ, ಸಕ್ರಿ ಹಾಕು ಅಂತ ಅವರವ್ವನ ಜೋಡಿ ಹಟಾ ಹಿಡದಿದ್ದ. ಈಕಿ ಅಂವನ್ನೇ ನೋಡ್ಲತ್ತಿದ್ಲು. 'ಯವ್ವಾ, ತಮ್ಮ ಹಿಂಗೇ ಮಾಡ್ತಿದ್ದ' ಅಂದ್ಲು. ಅಂದು ಅಳ್ಲಿಕ್ಕ ಹತ್ತಿದ್ಲು. ಸಣ್ಣ ಪೋರಿ ಗತೆ."

ಅವರು ಚಾಪೆಯ ಅಂಚನ್ನು ಸರಿಮಾಡಿದರು.

"ನರ್ಸ್ ಬಂದು, ಆಜಿ, ಸುಮ್ಮನ ಮಾಡ್ಸು ಆಕಿನ್ನ ಅಂದ್ಲು. ನಾ ಮಾಡ್ಸಲಿಲ್ಲ. ಕಣ್ಣೂ ಒರಸಲಿಲ್ಲ. ಅಳ್ಲಿ ಅಂತ ಬಿಟ್ಟೆ."