ರ‍್ಯಾಮ್ ಹಾಕಲು ಅಪ್ಪ ಕೊಟ್ಟ ಶಟ್‌ಡೌನ್

ಭಾರತೀನಗರದಲ್ಲಿ ಕಾಲೇಜಿಗೆ ಹೋಗುವ ರಸ್ತೆಯಲ್ಲೇ ನಮ್ಮ ಮನೆ. ಮುಂದಿನ ಕೋಣೆ ನನ್ನ ಟೈಪಿಂಗ್ ಅಂಗಡಿ. ಮದುವೆ ಕಾರ್ಡು, ತಿಥಿ ಕಾರ್ಡು, ಕಾಲೇಜು ಮಕ್ಕಳ ಪ್ರಾಜೆಕ್ಟ್ ವರದಿ, ಎಲ್ಲವೂ ಒಂದೇ ಕಂಪ್ಯೂಟರಿನಲ್ಲಿ. ಅದಕ್ಕೆ ವಯಸ್ಸಾಗಿತ್ತು. ಬೆಳಿಗ್ಗೆ ಆನ್ ಮಾಡಿ ಅಡುಗೆಮನೆಗೆ ಹೋಗಿ, ನಾಲ್ಕು ಮುದ್ದೆ ಕಟ್ಟಿ, ಕೈ ತೊಳೆದು ಬಂದರೂ ಪರದೆಯ ಮೇಲೆ ಚಕ್ರ ತಿರುಗುತ್ತಲೇ ಇರುತ್ತಿತ್ತು.

ಮಗಳ ಮದುವೆ ಕಾರ್ಡು ಮಾಡಿಸಲು ಬಂದ ಯಜಮಾನರೊಬ್ಬರು ಒಮ್ಮೆ ನನ್ನ ಪಕ್ಕದಲ್ಲೇ ಕುಳಿತಿದ್ದರು. ಹುಡುಗಿಯ ಫೋಟೊ ಮೇಲಿನಿಂದ ನಿಧಾನವಾಗಿ ತೆರೆದುಕೊಳ್ಳುತ್ತಾ ಮೂಗಿನವರೆಗೆ ಬಂದು ನಿಂತಿತು. ಅವರು ಬಹಳ ಹೊತ್ತು ನೋಡಿದರು.

"ಇಷ್ಟೇಯಾ ಕಣಮ್ಮ?" ಎಂದು ಕೇಳಿದರು.

ಮಂಡ್ಯದ ರಿಪೇರಿಯವರಿಗೆ ಫೋನ್ ಮಾಡಿದೆ. ಅವರು ಕೂತಲ್ಲೇ ಕಾಯಿಲೆ ಹೇಳಿದರು. "ರ‍್ಯಾಮ್ ಸಾಲ್ತಿಲ್ಲ. ಇರೋದು ಎರಡೇ ಜಿಬಿ. ಪಕ್ಕದಲ್ಲಿ ಒಂದು ಖಾಲಿ ಜಾಗ ಇರ್ತದೆ, ಅದಕ್ಕೆ ನಾಕು ಜಿಬಿದು ಒಂದು ಕೂರಿಸ್ಬುಟ್ರೆ ಸರಿಯಾಯ್ತದೆ. ನಾಳೆ ಬತ್ತೀನಿ." ಆ ನಾಳೆ ಮೂರು ವಾರವಾದರೂ ಆಗಲಿಲ್ಲ. ಬೆರಳುದ್ದದ ಒಂದು ಹಲಗೆಯನ್ನು ಅದರ ಜಾಗಕ್ಕೆ ಕೂರಿಸಲು ಇಷ್ಟು ಕಾಯಬೇಕೇ ಅನ್ನಿಸಿತು. ಮೊಬೈಲಿನಲ್ಲಿ ನಾಲ್ಕೈದು ವಿಡಿಯೊ ನೋಡಿದೆ. ಮಂಡ್ಯಕ್ಕೆ ಹೋಗಿ, ನಾಲ್ಕು ಜಿಬಿದು ಒಂದು ಕೊಡಿ ಎಂದು ಕೇಳಿ ತಂದೆ. ಒಂದು ಗುರುವಾರ ಅಂಗಡಿಗೆ ಬಾಗಿಲು ಹಾಕಿ, ಕಂಪ್ಯೂಟರಿನ ಡಬ್ಬವನ್ನು ಮೇಜಿನ ಮೇಲೆ ಮಲಗಿಸಿ, ಸ್ಕ್ರೂಡ್ರೈವರ್ ಹಿಡಿದುಕೊಂಡೆ.

ಆಗ ಅಪ್ಪ ಬಂದರು. ಅಪ್ಪ ನಿವೃತ್ತ ಲೈನ್‌ಮನ್. ಮಳವಳ್ಳಿ, ಮದ್ದೂರು ಕಡೆಯ ಕಂಬಗಳನ್ನು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಹತ್ತಿ ಇಳಿದವರು. ಕಂಪ್ಯೂಟರಿನ ಬಗ್ಗೆ ಅವರಿಗಿದ್ದ ತಿಳಿವಳಿಕೆ ಒಂದೇ: ಅದು ಕರೆಂಟಿನ ಸಾಮಾನು.

"ಕರೆಂಟ್ ತೆಗ್ದಿದ್ದೀಯಾ ಮಗ?"

"ಶಟ್‌ಡೌನ್ ಮಾಡಿದ್ದೀನಿ ಅಪ್ಪಾಜಿ."

ಆ ಪದ ಅಪ್ಪನಿಗೆ ಹೊಸದಲ್ಲ. ಅವರ ಕೆಲಸದಲ್ಲೂ ಕಂಬ ಹತ್ತುವ ಮೊದಲು ಸ್ಟೇಷನ್ನಿನವರಿಂದ ಲೈನಿನ ಕರೆಂಟು ತೆಗೆಸಿ ಶಟ್‌ಡೌನ್ ತೆಗೆದುಕೊಳ್ಳಬೇಕಿತ್ತು.

"ಯಾರು ಕೊಟ್ರು?" ಎಂದರು.

ನಾನೇ ಕೊಟ್ಟುಕೊಂಡೆ ಎಂದೆ. ಅದು ನಡೆಯುವುದಿಲ್ಲ ಎಂದರು. ಗೋಡೆಯ ಪ್ಲಗ್ಗು ಇನ್ನೂ ಸಾಕೆಟ್ಟಿನಲ್ಲೇ ಇತ್ತು. ಅದನ್ನು ಕಿತ್ತರು. ಅಷ್ಟಾದರೆ ಸಾಕು ಎಂದು ವಿಡಿಯೊದವರು ಹೇಳಿದ್ದರು. ಅಪ್ಪ ಒಳಗೆ ಹೋಗಿ ಮೇನ್ ಸ್ವಿಚ್ಚನ್ನೂ ತೆಗೆದು, ಅದರ ಡಬ್ಬಕ್ಕೆ ಬೀಗ ಹಾಕಿ, ಬೀಗದ ಕೈಯನ್ನು ಜೇಬಿಗೆ ಇಳಿಸಿದರು. ನನ್ನ ಮೇಜಿನ ಮೇಲಿದ್ದ ತಪ್ಪು ಪ್ರಿಂಟಾದ ಲಗ್ನಪತ್ರಿಕೆಯೊಂದರ ಹಿಂಬದಿಯಲ್ಲಿ 'ಕೆಲಸ ನಡೆಯುತ್ತಿದೆ, ಸ್ವಿಚ್ ಮುಟ್ಟಬಾರದು' ಎಂದು ಬರೆದು ಅಲ್ಲಿ ಸಿಕ್ಕಿಸಿದರು. ಅಡುಗೆಮನೆಯಲ್ಲಿ ಮಿಕ್ಸಿ ನಿಂತಿತು.

"ಚಟ್ನಿ ಅರ್ಧ ಆಗೈತೆ!" ಎಂದು ಅವ್ವ ಕೂಗಿದಳು.

"ಅರ್ಧಕ್ಕೇ ಬುಡು," ಎಂದರು ಅಪ್ಪ.

ಕೋಣೆ ಕತ್ತಲಾಯಿತು. ಕಂಪ್ಯೂಟರಿನ ಡಬ್ಬವನ್ನು ಇಬ್ಬರೂ ಹಿಡಿದು ಜಗುಲಿಗೆ ತಂದೆವು. ಬಿಚ್ಚುವ ಮೊದಲು ಅಪ್ಪ ಕೇಳಿದರು, "ಒಳಗೆ ಉಳ್ಕಂಡಿರೋ ಕರೆಂಟು?" ವಿಡಿಯೊದಲ್ಲೂ ಇದನ್ನೇ ಹೇಳಿದ್ದರು. ಪ್ಲಗ್ ಕಿತ್ತ ಮೇಲೆ ಆನ್ ಮಾಡುವ ಗುಂಡಿಯನ್ನು ಸ್ವಲ್ಪ ಹೊತ್ತು ಒತ್ತಿ ಹಿಡಿಯಬೇಕು. ಒತ್ತಿದೆ. ಯಾವ ತಂತಿಯೂ ಇಲ್ಲದೆ ಒಳಗಿನ ಫ್ಯಾನು ಅರ್ಧ ಸುತ್ತು ತಿರುಗಿ ನಿಂತಿತು.

"ನೋಡ್ದಾ," ಎಂದರು ಅಪ್ಪ.

ಮೈಯಲ್ಲಿರುವ ಸಣ್ಣ ಕರೆಂಟಿಗೂ ರ‍್ಯಾಮ್ ಸುಟ್ಟುಹೋಗಬಹುದು, ಆದ್ದರಿಂದ ಮೊದಲು ಡಬ್ಬದ ಬಣ್ಣವಿಲ್ಲದ ಕಬ್ಬಿಣವನ್ನು ಮುಟ್ಟಿಕೊಳ್ಳಬೇಕು ಎಂದು ನಾನು ವಿವರಿಸಿದೆ. ಕಂಬ ಹತ್ತಿದಾಗ ತನಗೆ ಏನಾದರೂ ಆದೀತೆಂದು ಹೆದರುತ್ತಿದ್ದ ಮನುಷ್ಯನಿಗೆ, ತನ್ನಿಂದ ಸಾಮಾನಿಗೆ ಏನಾದರೂ ಆದೀತೆಂಬುದು ಹೊಸ ವಿಷಯ. ಅವರು ಕಬ್ಬಿಣ ಮುಟ್ಟಿ, ಆಮೇಲೆ ಕೈ ಹಿಂದಕ್ಕೆ ಕಟ್ಟಿಕೊಂಡು ನಿಂತರು.

ಒಳಗೆ ವರ್ಷಗಳ ಧೂಳಿತ್ತು, ಎರಡು ಹಲ್ಲಿ ಮೊಟ್ಟೆಗಳ ಓಡೂ ಇತ್ತು. ಬ್ರಷ್ಷಿನಿಂದ ಮೆಲ್ಲಗೆ ತೆಗೆದೆ. ಹಳೆಯ ರ‍್ಯಾಮಿನ ಪಕ್ಕದಲ್ಲಿ ಖಾಲಿ ಜಾಗ ಕಂಡಿತು. ಹೊಸದನ್ನು ಅಂಚಿನಲ್ಲಿ ಹಿಡಿದು ಇಟ್ಟೆ. ಕೂರಲಿಲ್ಲ. ಒತ್ತಿದೆ. ಆಗಲೂ ಕೂರಲಿಲ್ಲ. ಎರಡೂ ಹೆಬ್ಬೆರಳು ಊರಿ ಜೋರಾಗಿ ಒತ್ತಲು ಹೊರಟಾಗ ಅಪ್ಪ ತಡೆದರು.

"ಓಗ್ದಿರೋದ್ನ ಬಲವಂತ ಮಾಡ್ಬ್ಯಾಡ ಕಣ್ ಮಗ. ಅದರ ಕಚ್ಚು ನೋಡು."

ರ‍್ಯಾಮಿನ ಕೆಳಗಂಚಿನಲ್ಲಿ ಒಂದು ಕಚ್ಚು ಇರುತ್ತದೆ. ಕೂರುವ ಜಾಗದಲ್ಲಿ ಅದಕ್ಕೆ ತಕ್ಕ ಏಣು ಇರುತ್ತದೆ. ಎರಡೂ ಹೊಂದಿದರೆ ಮಾತ್ರ ಇಳಿಯುವುದು. ಹಳೆಯದರ ಕಚ್ಚಿಗೂ ಹೊಸದರ ಕಚ್ಚಿಗೂ ಒಂದು ಅಕ್ಕಿಕಾಳಿನಷ್ಟು ವ್ಯತ್ಯಾಸವಿತ್ತು. ನನ್ನ ಕಂಪ್ಯೂಟರ್ ಹಿಂದಿನ ತಲೆಮಾರಿನದು, ನಾನು ತಂದದ್ದು ಮುಂದಿನ ತಲೆಮಾರಿನ ರ‍್ಯಾಮು. ಇನ್ನೊಂದು ಸಲ ಒತ್ತಿದ್ದರೆ ಎರಡರಲ್ಲಿ ಒಂದು ಮುರಿಯುತ್ತಿತ್ತು.

ಹಳೆಯದನ್ನೂ ಬಿಚ್ಚಿಕೊಂಡು, ಇಬ್ಬರೂ ಮಂಡ್ಯದ ಬಸ್ಸು ಹತ್ತಿದೆವು. ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಬಸ್ಸು ನಿಧಾನವಾಗಿ ಹೋಯಿತು. ಅಂಗಡಿಯವರು ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿ, "ಈ ಹಳೇದನ್ನ ಮೊದಲ ಸಲವೇ ತಂದಿದ್ರೆ ಆಗ್ತಿತ್ತಲ್ಲ ಮೇಡಂ," ಎಂದು ಬೇರೆಯದನ್ನು ಕೊಟ್ಟರು. ಅಪ್ಪ ಕನ್ನಡಕ ಹಾಕಿಕೊಂಡು ಕಚ್ಚಿಗೆ ಕಚ್ಚು ಹೊಂದಿಸಿ ನೋಡಿದ ಮೇಲೆಯೇ ಅಲ್ಲಿಂದ ಹೊರಟದ್ದು.

ಮೇನ್ ಸ್ವಿಚ್ಚಿನ ಬೀಗದ ಕೈ ನಮ್ಮ ಜೊತೆಯಲ್ಲೇ ಮಂಡ್ಯಕ್ಕೆ ಹೋಗಿ ಬಂದಿದೆ ಎಂಬುದು ನನಗೆ ನೆನಪಾದದ್ದು ಮನೆಯ ಹತ್ತಿರ ಬಸ್ಸಿಳಿದಾಗ. ಅವ್ವ ಉಳಿದರ್ಧ ಚಟ್ನಿಯನ್ನು ಒರಳಿನಲ್ಲಿ ರುಬ್ಬಿದ್ದಳು. ನಮಗೆ ಊಟ ಬಡಿಸಿದಳು. ಮಾತಾಡಲಿಲ್ಲ.

ಈ ಸಲ ಕಚ್ಚು ಹೊಂದಿತು. ಹಳೆಯ ರ‍್ಯಾಮಿನ ಹಿತ್ತಾಳೆ ಬಣ್ಣದ ಅಂಚನ್ನು ಪೆನ್ಸಿಲ್ ಅಳಿಸುವ ರಬ್ಬರಿನಿಂದ ಹಗುರವಾಗಿ ಉಜ್ಜಿ, ಪುಡಿ ಕೊಡವಿ, ಅದರ ಜಾಗಕ್ಕೆ ಕೂರಿಸಿದೆ. ಪಕ್ಕದಲ್ಲಿ ಹೊಸದನ್ನೂ ಕೂರಿಸಿದೆ. ಡಬ್ಬ ಒಳಗೆ ಹೋಯಿತು, ವೈರುಗಳು ಅವುಗಳ ಜಾಗಕ್ಕೆ ಹೋದವು. ಮೇನ್ ಸ್ವಿಚ್ ಇರುವುದು ನಡುಮನೆಯ ಆಚೆ. ಅಪ್ಪ ಅಲ್ಲಿ ನಿಂತಿದ್ದರು.

"ಆಯ್ತು ಅಪ್ಪಾಜಿ, ಹಾಕು!" ಎಂದು ಕೂಗಿದೆ.

ಕರೆಂಟ್ ಬರಲಿಲ್ಲ. ಚಪ್ಪಲಿಯ ಸದ್ದು ಬಂತು. ಅಪ್ಪ ಕೋಣೆಯ ಬಾಗಿಲಿಗೆ ಬಂದು ನನ್ನ ಎರಡೂ ಕೈ ನೋಡಿದರು.

"ಕೂಗಿದ್ನಲ್ಲ, ಕೇಳಿಸ್ಲಿಲ್ವಾ?" ಎಂದೆ. ಬೆಳಗಿನಿಂದ ನಡೆದ ಈ ಎಲ್ಲ ವಿಧಿಗಳಿಂದ ನನಗೆ ಸಾಕಾಗಿತ್ತು.

"ಕೇಳುಸ್ತು," ಎಂದರು. ಆಮೇಲೆ ಬಾಗಿಲ ಚೌಕಟ್ಟಿಗೆ ಒರಗಿಕೊಂಡು, ನಾನು ಅಲ್ಲಿಯವರೆಗೆ ಕೇಳಿರದ ಒಂದು ವಿಷಯ ಹೇಳಿದರು.

ಮಳವಳ್ಳಿ ಕಡೆ ಒಂದು ಹಳ್ಳಿಯಲ್ಲಿ ಲೈನು ಕೆಟ್ಟಿತ್ತಂತೆ. ಅವರ ಜೊತೆಗಾರ ದೂರದ ಕಂಬ ಹತ್ತಿದ್ದ. ಅಪ್ಪ ಟ್ರಾನ್ಸ್‌ಫಾರ್ಮರ್ ಹತ್ತಿರ ಸ್ವಿಚ್ ಕಾಯುತ್ತಿದ್ದರು. ಕೆಲಸ ಮುಗಿದರೆ ಟವೆಲ್ ಬೀಸುವುದು ಎಂದು ಮಾತಾಗಿತ್ತು. ಮೋಟರಿಗೆ ಕರೆಂಟು ಬೇಕೆಂದು ಸುತ್ತ ಜನ ನಿಂತಿದ್ದರು. ಟವೆಲ್ ಬೀಸಿದ್ದು ಕಂಡಿತು. ಅಪ್ಪ ಸ್ವಿಚ್ ಹಾಕಿದರು.

"ಅವನು ಜೇನ್ನೊಣ ಓಡುಸ್ತಿದ್ದ," ಎಂದರು.

ನಾನು ಸ್ಕ್ರೂಡ್ರೈವರನ್ನು ಮೇಜಿನ ಮೇಲಿಟ್ಟೆ.

"ಗದ್ದೆ ಕೆಸರೊಳಕ್ಕೆ ಬಿದ್ದ, ಅದಕ್ಕೇ ಉಳ್ಕಂಡ. ಬಲಗೈ ಮಾತ್ರ ಆಮೇಲೆ ಭುಜಕ್ಕಿಂತ ಮ್ಯಾಕೆ ಏಳ್ಲಿಲ್ಲ. ನಾಕೈದು ತಿಂಗಳಾದ್ಮೇಲೆ ಕೆಲ್ಸಕ್ಕೆ ಬಂದ. 'ಇನ್ಮ್ಯಾಕೆ ನಾನು ಕಂಬ ಅತ್ತಕ್ಕಾಗಕಿಲ್ಲ ಕಣ್ಲಾ, ನೀ ಅತ್ತು, ನಾ ಸ್ವಿಚ್ ನೋಡ್ಕತೀನಿ' ಅಂದ. ಅವತ್ತಿಂದ ರಿಟೈರ್ ಆಗೋಗಂಟ ನಾ ಕಂಬದ ಮ್ಯಾಲೆ, ಅವನು ಸ್ವಿಚ್ ತಾವ."

"ನಿಂಗೆ ಭಯ ಆಗ್ತಿರ್ಲಿಲ್ವಾ?"

"ಮೊದಲ್ನೇ ದಿನ ಆಯ್ತು. ಕೆಲ್ಸ ಮುಗ್ಸಿ ಕಂಬದ ಮೇಲಿಂದ ಕೂಗ್ದೆ. ಅವನು ಸ್ವಿಚ್ ಆಕ್ಲಿಲ್ಲ. ಬದುವಿನ ಮ್ಯಾಲೆ ನಡ್ಕಂಡು ಕಂಬದ ಬುಡಕ್ಕೆ ಬಂದ. ನಾನು ಇಳ್ದು ನೆಲದ ಮ್ಯಾಲೆ ನಿಂತಿದ್ದು ನೋಡ್ದ. ಆಮ್ಯಾಕೆ ವಾಪಸ್ ಓಗಿ ಆಕ್ದ. ಅವತ್ತಿಂದ ಪ್ರತಿ ಸಲಾನೂ ಅಂಗೇ. ಮಳೇಲೂ ಅಂಗೇ. ಆ ವಿಷ್ಯ ಮಾತ್ರ ಒಂದು ದಿನಾನೂ ಎತ್ತಲಿಲ್ಲ."

ಅಪ್ಪ ಅಷ್ಟು ಉದ್ದ ಮಾತಾಡಿದ್ದನ್ನು ನಾನು ಕಂಡಿರಲಿಲ್ಲ. ಅವರಿಗೂ ಅದು ಅಭ್ಯಾಸವಿಲ್ಲದ್ದರಿಂದ ಗಂಟಲು ಸರಿಮಾಡಿಕೊಂಡರು. ನಾನು ಎರಡೂ ಕೈಗಳನ್ನು ಮಡಿಲಲ್ಲಿಟ್ಟು ಅವರಿಗೆ ಕಾಣುವಂತೆ ಕುಳಿತೆ. ಅವರು ಹೋಗಿ ಸ್ವಿಚ್ ಹಾಕಿದರು.

ಕಂಪ್ಯೂಟರ್ ಆನ್ ಮಾಡಿದೆ. ಪರದೆ ಕಪ್ಪಾಗಿಯೇ ಇತ್ತು. ಡಬ್ಬದೊಳಗಿಂದ ಬೀಪ್, ಬೀಪ್, ಬೀಪ್ ಎಂದು ಸದ್ದು ಬರತೊಡಗಿತು. ರ‍್ಯಾಮ್ ಸರಿಯಾಗಿ ಕೂತಿಲ್ಲವೆಂದು ಹೇಳುವ ಸದ್ದು ಅದು. ನನಗೆ ಅಳು ಬರುವಂತಾಯಿತು. ಅಪ್ಪ ಆಗಲೇ ಮೇನ್ ತೆಗೆದಿದ್ದರು. ಮತ್ತೆ ಬೀಗ, ಮತ್ತೆ ಪ್ಲಗ್ಗು, ಮತ್ತೆ ಗುಂಡಿ ಒತ್ತುವುದು, ಮತ್ತೆ ಕಬ್ಬಿಣ ಮುಟ್ಟುವುದು. ಈ ಸಲ ಒಂದನ್ನೂ ಬಿಡೋಣವೆಂದು ನಾನು ಕೇಳಲಿಲ್ಲ. ಬಿಚ್ಚಿ ನೋಡಿದರೆ ಹೊಸ ರ‍್ಯಾಮಿನ ಒಂದು ಬದಿಯ ಕ್ಲಿಪ್ಪು ಪೂರ್ತಿ ಹಿಡಿದಿರಲಿಲ್ಲ. ಆ ತುದಿಯನ್ನು ನೇರವಾಗಿ ಕೆಳಕ್ಕೆ ಒತ್ತಿದೆ. ಟಕ್ ಎಂದಿತು.

"ಈಗ ಕೂತ್ಕತು," ಎಂದರು ಅಪ್ಪ.

ಮತ್ತೆ ಅವರು ನಡೆದು ಬಂದು ನನ್ನ ಕೈ ನೋಡಿ, ನಡೆದು ಹೋಗಿ ಸ್ವಿಚ್ ಹಾಕಿದರು. ಕಂಪ್ಯೂಟರ್ ಒಂದೇ ಒಂದು ಸಲ ಬೀಪ್ ಎಂದು ಎದ್ದಿತು. ಮೆಮೊರಿ ಎಷ್ಟಿದೆ ಎಂದು ತೆರೆದು ನೋಡಿದೆ. ಎರಡಿದ್ದದ್ದು ಆರಾಗಿತ್ತು. ಮದುವೆ ಹುಡುಗಿಯ ಫೋಟೊ ತೆರೆದೆ. ಮೂಗು, ಬಾಯಿ, ಗಲ್ಲ, ಕೊರಳ ಸರ, ಎಲ್ಲವೂ ಒಟ್ಟಿಗೇ ಬಂದವು. ಅವ್ವ ಬಂದು ನೋಡಿ, "ಲಕ್ಷಣವಾಗವ್ಳೆ," ಎಂದಳು. ಮಧ್ಯಾಹ್ನದಿಂದ ಅವಳಾಡಿದ ಮೊದಲ ಮಾತು ಅದು.

ಈ ವಿಷಯ ಹೇಗೋ ಊರಿಗೆ ತಿಳಿಯಿತು. ಮುಂದಿನ ವಾರ ಕಾಲೇಜಿನ ಮೇಡಂ ಒಬ್ಬರು ತಮ್ಮ ಮನೆಯ ಕಂಪ್ಯೂಟರನ್ನು ಆಟೋದಲ್ಲಿ ತಂದು, ಇದಕ್ಕೂ ಒಂದು ರ‍್ಯಾಮ್ ಹಾಕಿಕೊಡಿ ಎಂದರು. ಎಷ್ಟು ಹೊತ್ತಾಗುತ್ತದೆ ಎಂದೂ ಕೇಳಿದರು. ವಿಡಿಯೊದವರಿಗೆ ಹತ್ತು ನಿಮಿಷ ಸಾಕಾಗಿತ್ತು. ನಾನು ಅವರನ್ನು ಜಗುಲಿಯಲ್ಲಿ ಕೂರಿಸಿ, ಕಾಫಿ ಕೊಟ್ಟು, ಅರ್ಧ ದಿನ ಎಂದೆ.