ಮೋಡ ಬಂದ ಜಾಗ ಎಲ್ಲಿ?

ಬೆಳಿಗ್ಗೆ ಟೆಲಿಸ್ಕೋಪಿನ ಹಲ್ಲುಚಕ್ರಕ್ಕೆ ಎಣ್ಣೆ ಬಿಡುತ್ತಿದ್ದೆ. ಆ ವಾಸನೆಗೆ ನಮ್ಮೂರು ಕರುಮತ್ತಂಪಟ್ಟಿಯ ಮನೆಯ ಪವರ್‌ಲೂಮ್ ನೆನಪಾಯಿತು.

ಕರೆಂಟು ಹೋದರೆ ಬೀದಿಯ ಮಗ್ಗಗಳೆಲ್ಲ ಒಟ್ಟಿಗೆ ಸುಮ್ಮನಾಗುತ್ತಿದ್ದವು. ಬಂದ ಕೂಡಲೇ ಹಾಗೇ ಓಡಿಸಿದರೆ ಬಟ್ಟೆಯಲ್ಲಿ ಅಡ್ಡಗೆರೆ ಬೀಳುತ್ತದೆ. ಅಪ್ಪ ಅವಸರಪಡುತ್ತಿರಲಿಲ್ಲ. ಚಕ್ರವನ್ನು ಕೈಯಿಂದ ಹಿಂದಕ್ಕೆ ತಿರುಗಿಸಿ, ಕೊನೆಯ ಅಡ್ಡನೂಲು ತೆಗೆದು, ಆಮೇಲೆ ಸ್ವಿಚ್ ಹಾಕುತ್ತಿದ್ದ. ಬಟ್ಟೆ ಇಳಿಸಿದಾಗ ಬಿಸಿಲಿಗೆ ಹಿಡಿದು ನನ್ನನ್ನು ಕರೆಯುತ್ತಿದ್ದ.

"ಕರೆಂಟು ಹೋದ ಜಾಗ ಎಲ್ಲೈತೆ, ತೋರ್ಸು ಮಗಳೇ."

ನಾನು ಬೆರಳಾಡಿಸಿ ಹುಡುಕಿ ಪ್ರತಿಸಲವೂ ಸೋಲುತ್ತಿದ್ದೆ. ಅಪ್ಪ ಮೀಸೆಯಲ್ಲೇ ನಗುತ್ತಿದ್ದ.

ಹೋದ ವಾರ ಬೆಟ್ಟದಡಿಯ ತೊಂಡಾಮುತ್ತೂರಿನ ತೋಟವೊಂದರಿಂದ, ಸಪ್ತರ್ಷಿ ಮಂಡಲದ ಬಾಲದ ಬಳಿಯಿರುವ ಸುರುಳಿ ಗ್ಯಾಲಕ್ಸಿಯ ಫೋಟೋ ತೆಗೆಯುತ್ತಿದ್ದೆ. ಇಂಥದ್ದಕ್ಕೆ ನೂರಾರು ಫೋಟೋ ತೆಗೆದು ಒಂದರ ಮೇಲೊಂದು ಕೂಡಿಸಬೇಕು. ನಡುವೆ ಬೆಟ್ಟದ ಕಡೆಯಿಂದ ಮೋಡ ಬಂತು. ನಾನೂ ಅವಸರಪಡಲಿಲ್ಲ. ಮೋಡ ತಾಗಿದ ಫೋಟೋಗಳನ್ನು ತೆಗೆದುಹಾಕಿ, ಆಕಾಶ ತಿಳಿಯಾದ ಮೇಲೆ ಮೊದಲಿನ ಫೋಟೋಗಳಲ್ಲಿದ್ದ ನಕ್ಷತ್ರಗಳಿಗೇ ಟೆಲಿಸ್ಕೋಪನ್ನು ಹೊಂದಿಸಿ ಮುಂದುವರಿಸಿದೆ.

ಇವತ್ತು ಊರಿಗೆ ಹೋಗಿ ಅದರ ಪ್ರಿಂಟನ್ನು ಅಪ್ಪನ ಕೈಗಿಟ್ಟೆ.

"ಮೋಡ ಬಂದ ಜಾಗ ಎಲ್ಲೈತೆ, ತೋರ್ಸಪ್ಪಾ."

ಅಪ್ಪ ಅದನ್ನು ಬಿಸಿಲಿಗೆ ಹಿಡಿದ. ಸುರುಳಿಯ ಉದ್ದಕ್ಕೂ ಬೆರಳಾಡಿಸಿದ. ಹಿಂಬದಿಯನ್ನೂ ತಿರುಗಿಸಿ ನೋಡಿದ. ಆಮೇಲೆ ಬಾಗಿಲಿಗೆ ಹೋಗಿ ಪಕ್ಕದ ಮಗ್ಗದವರನ್ನು ಕೂಗಿದ.

"ಬನ್ನಿ ಇಲ್ಲಿ, ನನ್ ಮಗಳು ನೇಯ್ದಿರೋದು ನೋಡಿ!"